ದಾವಣಗೆರೆಗೆ ಹೋಗಿ ನೆಲೆಸೋಣ್ವಾ? ಲೆಕ್ಕ ಹಾಕುವುದು ಹೀಗೆ

ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗಲೆಲ್ಲ ಕೆಲವು ಮನೆಗಳಲ್ಲಿ ಒಂದು ಮಾತು ಏಳುತ್ತದೆ. ‘ಇದರ ಅರ್ಧ ದುಡ್ಡಿಗೆ ದಾವಣಗೆರೆಯಲ್ಲಿ ಇಡೀ ಮನೆ ಸಿಗುತ್ತೆ. ಹೋಗಿಬಿಡೋಣ್ವಾ?’ ಕೇಳುವವರಲ್ಲಿ ಆ ಕಡೆಯವರೂ ಇರುತ್ತಾರೆ, ದಾವಣಗೆರೆ ಅಂದರೆ ಬೆಣ್ಣೆ ದೋಸೆ ಅಂತಷ್ಟೇ ಗೊತ್ತಿರುವವರೂ ಇರುತ್ತಾರೆ.

ಆಸೆಯೇನೂ ತಪ್ಪಲ್ಲ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್. ಪುಣೆ–ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಇದೆ, ರೈಲಿದೆ, ಎರಡು ಮೆಡಿಕಲ್ ಕಾಲೇಜುಗಳಿವೆ. 2011ರ ಜನಗಣತಿಯಲ್ಲಿ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ಶಿವಮೊಗ್ಗದಷ್ಟು ಹಸಿರಿಲ್ಲ, ಹುಬ್ಬಳ್ಳಿಯಷ್ಟು ದೊಡ್ಡದಲ್ಲ. ಆದರೆ ಊರು ಕೈಗೆಟುಕುತ್ತದೆ. ತೊಂದರೆ ಏನೆಂದರೆ, ಹೆಚ್ಚಿನವರು ಲೆಕ್ಕವನ್ನು ಬಾಡಿಗೆಯಿಂದ ಶುರು ಮಾಡಿ ಬಾಡಿಗೆಯಲ್ಲೇ ಮುಗಿಸುತ್ತಾರೆ. ಶುರು ಮಾಡಬೇಕಾದದ್ದು ಸಂಬಳದಿಂದ.

1. ಸಂಬಳ ಎಲ್ಲಿಂದ ಬರುತ್ತದೆ?

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರು ಬರೆದು, ಎದುರಿಗೆ ‘ಈ ಆದಾಯ ದಾವಣಗೆರೆಗೆ ನನ್ನ ಜೊತೆ ಬರುತ್ತದೋ, ಇಲ್ಲವೋ’ ಅಂತ ಗುರುತು ಹಾಕಿ. ಪಿಂಚಣಿ ಬರುತ್ತದೆ. ಬೇರೆ ಊರಿನಲ್ಲಿರುವ ಸ್ವಂತ ಮನೆಯ ಬಾಡಿಗೆ ಬರುತ್ತದೆ. ಪೂರ್ತಿ ಮನೆಯಿಂದಲೇ ಮಾಡುವ ಕೆಲಸ ಬರುತ್ತದೆ, ಆದರೆ ಕಂಪನಿ ಅದನ್ನು ಬರವಣಿಗೆಯಲ್ಲಿ ಕೊಟ್ಟಿದ್ದರೆ ಮಾತ್ರ. ‘ನಮ್ಮ ಮ್ಯಾನೇಜರ್ ಒಪ್ಪಿದ್ದಾರೆ’ ಅನ್ನುವುದು ಆ ಮ್ಯಾನೇಜರ್ ಇರುವ ತನಕ ಮಾತ್ರ ನಡೆಯುವ ಮಾತು. ಊರು ಬದಲಿಸಿದರೆ ಸಂಬಳ ಕಡಿಮೆ ಮಾಡುತ್ತಾರೋ ಅಂತಲೂ ಈಗಲೇ ಕೇಳಿಕೊಳ್ಳಿ. ಸಾಮಾನು ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಉಳಿದವರು ಅಲ್ಲಿ ಹೊಸದಾಗಿ ಕೆಲಸ ಹುಡುಕಬೇಕು. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಯೋಚಿಸಿ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆ ಗಿರಣಿಗಳು ಮುಚ್ಚಿದವು. ಪಕ್ಕದ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಈಗ ತಿಂಗಳ ಸಂಬಳ ಕೊಡುವವರೆಂದರೆ ಮುಖ್ಯವಾಗಿ ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿ, ಬ್ಯಾಂಕು. ಮಿಕ್ಕಿದ್ದು ವ್ಯಾಪಾರ: ಮಂಡಿ, ರೈಸ್ ಮಿಲ್, ಬಟ್ಟೆ ಅಂಗಡಿ, ಗೊಬ್ಬರ, ಟ್ರಾನ್ಸ್‌ಪೋರ್ಟ್. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಉಪನ್ಯಾಸಕರು, ಲೆಕ್ಕಪತ್ರ ನೋಡುವವರಿಗೆ ಕೆಲಸ ಸಿಗುವ ಸಾಧ್ಯತೆ ಇದೆ. ಹತ್ತು ವರ್ಷ ಮಾರ್ಕೆಟಿಂಗ್ ಅಥವಾ ಎಚ್‌ಆರ್‌ನಲ್ಲಿ ಇದ್ದವರಿಗೆ ಅದೇ ಕೆಲಸ, ಅದೇ ಮಟ್ಟದಲ್ಲಿ ಸಿಗುವುದು ಕಷ್ಟ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಬೆಂಗಳೂರಿನ ಬಾಡಿಗೆ 30,000 ರೂಪಾಯಿ, ದಾವಣಗೆರೆಯದ್ದು 12,000 ಅಂತಿಟ್ಟುಕೊಳ್ಳಿ. ಉಳಿತಾಯ 18,000. ಗಂಡನ ಸಂಬಳ ಹಾಗೇ ಬಂತು. ಹೆಂಡತಿ ಬೆಂಗಳೂರಿನಲ್ಲಿ 35,000 ತರುತ್ತಿದ್ದವರು ಅಲ್ಲಿ 18,000ದ ಕೆಲಸಕ್ಕೆ ಸೇರಿದರು. ಅಲ್ಲಿಗೆ 17,000 ಹೋಯಿತು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಓಡಾಟ ಅಂತ 4,000 ಸೇರಿಸಿ. ಅಗ್ಗದ ಊರಿಗೆ ಹೋಗಿ 3,000 ಕೈಬಿಟ್ಟಂತಾಯಿತು. ಇಂಥ ಲೆಕ್ಕದಲ್ಲಿ ಸಾಮಾನ್ಯವಾಗಿ ಹೆಂಡತಿಯ ಕೆಲಸವೇ ‘ಅಲ್ಲೇ ಏನಾದರೂ ಸಿಗುತ್ತೆ ಬಿಡು’ ಅನ್ನುವ ಸಾಲಿಗೆ ಬೀಳುತ್ತದೆ. ಆ ಸಾಲನ್ನು ಹೊಡೆದುಹಾಕಿ. ಕೆಲಸದ ಆಫರ್ ಕೈಗೆ ಬಂದ ಮೇಲೆ ಅದರ ಅಂಕಿಯನ್ನೇ ಬರೆಯಿರಿ.

2. ಊರಿನ ದುಡ್ಡು ಯಾವ ತಿಂಗಳು ಓಡಾಡುತ್ತದೆ?

ಅಂಗಡಿ, ಹೋಟೆಲ್, ಟ್ಯೂಷನ್, ಕ್ಲಿನಿಕ್ ಏನೇ ತೆರೆಯುವ ಯೋಚನೆ ಇದ್ದರೂ ಈ ಭಾಗವನ್ನು ಎರಡು ಸಲ ಓದಿ. ಸಂಬಳದವರಿಗೆ ಒಂದು ಸಲ ಸಾಕು.

ದಾವಣಗೆರೆ ಬದುಕುವುದು ಸುತ್ತಲಿನ ಹೊಲಗಳ ಮೇಲೆ. ಒಂದು ಕಡೆ ಭದ್ರಾ ನಾಲೆಯ ಭತ್ತ, ಚನ್ನಗಿರಿ ಕಡೆ ಅಡಿಕೆ, ಮಳೆ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ. ಮಳೆಗಾಲ ಮುಗಿದು ಮೆಕ್ಕೆಜೋಳ ಎಪಿಎಂಸಿಗೆ ಬರಲು ಶುರುವಾದ ಮೇಲೆ ಪೇಟೆಯಲ್ಲಿ ದುಡ್ಡು ಕಾಣಿಸುತ್ತದೆ. ಆಗಲೇ ಬಟ್ಟೆ, ಬಂಗಾರ, ಟ್ರ್ಯಾಕ್ಟರ್, ಮದುವೆ. ರೇಟು ಬಿದ್ದ ವರ್ಷ ಇವೆಲ್ಲ ಮುಂದಿನ ವರ್ಷಕ್ಕೆ ಹೋಗುತ್ತವೆ. ಅಂಗಡಿಯವರ ಉದ್ರಿ ಪುಸ್ತಕ ದಪ್ಪವಾಗುತ್ತದೆ.

ಭದ್ರಾ ಜಲಾಶಯ ಇರುವುದು ಲಕ್ಕವಳ್ಳಿಯಲ್ಲಿ. ತುಂಬಿದಾಗ 186 ಅಡಿ, ಸುಮಾರು 71.5 ಟಿಎಂಸಿ ನೀರು. ಈ ಊರಿನ ವ್ಯಾಪಾರಿಗಳು ಆ 186ನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡುತ್ತಿರುತ್ತಾರೆ. ಡ್ಯಾಮ್ ತುಂಬಿದರೂ ಕಥೆ ಮುಗಿಯುವುದಿಲ್ಲ. ದಾವಣಗೆರೆ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಅಚ್ಚುಕಟ್ಟಿನ ಕೊನೆ ಭಾಗದಲ್ಲಿವೆ. ಮೇಲಿನವರು ನೀರು ಬಿಟ್ಟರೆ ಇವರಿಗೆ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆ ನೀರಿಗಾಗಿ ಇಲ್ಲಿನ ರೈತರು ಬೀದಿಗಿಳಿದಿದ್ದರು.

ಹಾಗಾಗಿ ವ್ಯಾಪಾರ ಮಾಡುವವರು ಒಂದು ಒಳ್ಳೆಯ ವರ್ಷದ ಗಿರಾಕಿ ನೋಡಿ ಬಂಡವಾಳ ಹಾಕಬಾರದು. ನೀವು ಹಾಕಬೇಕೆಂದಿರುವ ಬೀದಿಯಲ್ಲೇ ಇರುವ ಇಬ್ಬರು ಮೂವರು ಅಂಗಡಿಯವರ ಹತ್ತಿರ ಕೂತು, ‘ಬರ ಬಿದ್ದ ವರ್ಷ ಹೆಂಗಿತ್ತ್ರೀ?’ ಅಂತ ಕೇಳಿ. ಚಹಾ ತರಿಸಿ ಹೇಳುತ್ತಾರೆ. ಈ ಊರಿನಲ್ಲಿ ಮಾತಿಗೆ ಬರವಿಲ್ಲ.

3. ಯಾವುದು ಅಗ್ಗ, ಯಾವುದು ಅಲ್ಲ

ಅಗ್ಗ ಆಗುವುದು ಬಾಡಿಗೆ, ಅಡ್ವಾನ್ಸ್, ಆಟೋ, ಹೊರಗಿನ ತಿಂಡಿ. ಅಕ್ಕಿಯನ್ನು ಮಿಲ್‌ನಿಂದಲೇ ಕ್ವಿಂಟಾಲ್ ಲೆಕ್ಕದಲ್ಲಿ ತರುವವರಿಗೆ ಅಲ್ಲೂ ಸ್ವಲ್ಪ ಉಳಿಯುತ್ತದೆ. ನಿಜವಾದ ಲಾಭ ಸಮಯದ್ದು. ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ಸಾಮಾನು ತಂದು ಮತ್ತೆ ಮನೆ ಸೇರುವಷ್ಟರಲ್ಲಿ ಬೆಂಗಳೂರಿನವರು ಇನ್ನೂ ಸಿಲ್ಕ್ ಬೋರ್ಡ್‌ನಲ್ಲೇ ನಿಂತಿರುತ್ತಾರೆ.

ಪೆಟ್ರೋಲ್, ಮೊಬೈಲ್, ನಂದಿನಿ ಹಾಲು, ಇಎಂಐ, ವಿಮೆ ಇವೆಲ್ಲ ಹೆಚ್ಚುಕಡಿಮೆ ಅಲ್ಲೂ ಅಷ್ಟೇ. ಕರೆಂಟ್ ಕೂಡ ಬೆಸ್ಕಾಂನದ್ದೇ, ಅದು ನಿಮ್ಮನ್ನು ಬಿಡುವುದಿಲ್ಲ. ಹೊಸ ಖರ್ಚುಗಳೂ ಹುಟ್ಟುತ್ತವೆ. ಮನೆಯಿಂದ ಕೆಲಸ ಮಾಡುವವರು ಇನ್ವರ್ಟರ್ ಹಾಕಿಸಿ, ಬೇರೆ ಬೇರೆ ಕಂಪನಿಯ ಎರಡು ಇಂಟರ್‌ನೆಟ್ ಇಟ್ಟುಕೊಳ್ಳಿ. ಜೊತೆಗೆ ಮುಯ್ಯಿ. ನೆಂಟರು ಹತ್ತಿರವಾದಷ್ಟೂ ಮದುವೆ, ಗೃಹಪ್ರವೇಶ, ನಾಮಕರಣದ ಕರೆಯೋಲೆ ಜಾಸ್ತಿ. ಬೆಂಗಳೂರಿನಲ್ಲಿದ್ದಾಗ ‘ರಜೆ ಸಿಗಲಿಲ್ಲ’ ಅಂದರೆ ನಡೆಯುತ್ತಿತ್ತು, ಅಲ್ವಾ?

4. ಬೆಂಗಳೂರಿಗೆ ಎಷ್ಟು ಸಲ ಬರಬೇಕು?

ತಿಂಗಳಿಗೊಮ್ಮೆ ಅಂದರೆ ಸುಲಭ. ವಾರಕ್ಕೊಮ್ಮೆ ಅಂದರೆ ಕಷ್ಟ. ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅನ್ನುವ ಕಂಪನಿಯಲ್ಲಿದ್ದರೆ ಲೆಕ್ಕ ಇಲ್ಲಿಗೇ ನಿಲ್ಲಿಸಿ.

ರೈಲಿನ ಹೊತ್ತನ್ನು ನೋಡಿಕೊಂಡರೆ ಇದು ಅರ್ಥವಾಗುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಬೆಳಿಗ್ಗೆ ಬೆಂಗಳೂರಿನಿಂದ ಹೊರಡುತ್ತದೆ, ಮಧ್ಯಾಹ್ನದ ಮೇಲೆ ವಾಪಸ್ ಬರುತ್ತದೆ. ಬೆಂಗಳೂರಿನವರು ದಾವಣಗೆರೆಗೆ ಹೋಗಿ ಕೆಲಸ ಮುಗಿಸಿ ಬರಲು ಹೇಳಿ ಮಾಡಿಸಿದಂತಿದೆ. ನಿಮಗೆ ಬೇಕಾದದ್ದು ಅದರ ಉಲ್ಟಾ. 2025ರ ಆಗಸ್ಟ್‌ನಲ್ಲಿ ಬಂದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಬೆಳಿಗ್ಗೆ ಬೆಂಗಳೂರಿನ ಕಡೆ ಹೊರಡುತ್ತದೆ ನಿಜ, ಆದರೆ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ. ಬೆಳಿಗ್ಗೆ ಹತ್ತರ ಮೀಟಿಂಗ್‌ಗೆ ಇರಬೇಕೆಂದರೆ ಹಿಂದಿನ ರಾತ್ರಿಯ ರೈಲೋ ಬಸ್ಸೋ ಹಿಡಿಯಬೇಕು. ನಿದ್ದೆಗೆಟ್ಟು ಹೋಗಿ, ದಿನವಿಡೀ ದುಡಿದು, ಮತ್ತೆ ರಾತ್ರಿ ಬಸ್ಸು. ಮೂವತ್ತರ ಒಳಗೆ ಮಾಡಬಹುದು, ಐವತ್ತರ ಮೇಲೆ ಬೆನ್ನು ಕೇಳುವುದಿಲ್ಲ.

ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ ಬಂದರೆ ದೂರ ಕಡಿಮೆಯಾಗುತ್ತದೆ. ಆದರೆ ಮುಗಿಯದ ಕಾಮಗಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ವಿಮಾನದ ಅಗತ್ಯ ಇರುವವರು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಈ ಊರಿಗೆ ವಿಮಾನ ನಿಲ್ದಾಣವಿಲ್ಲ.

5. ಏಪ್ರಿಲ್‌ನಲ್ಲಿ ಹೋಗಿ ಇದ್ದು ನೋಡಿ

ಡಿಸೆಂಬರ್‌ನಲ್ಲಿ ಯಾವ ಊರೂ ಚೆಂದ. ದಾವಣಗೆರೆಯನ್ನು ನೋಡಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಬಯಲು ಸೀಮೆಯ ಬಿಸಿಲು. ರಾತ್ರಿ ಮಲಗುವ ಹೊತ್ತಿಗೂ ಆರ್‌ಸಿಸಿ ಛಾವಣಿ ಕಾದೇ ಇರುತ್ತದೆ. ಮೇಲ್ಮಹಡಿಯ ಮನೆ ಯಾಕೆ ಅಷ್ಟು ಕಡಿಮೆ ಬಾಡಿಗೆಗೆ ಸಿಗುತ್ತಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಹೋಟೆಲ್ ರೂಮಿನಲ್ಲಿ ಎಸಿ ಹಾಕಿಕೊಂಡು ಇದ್ದರೆ ಉಪಯೋಗವಿಲ್ಲ. ನೆಂಟರ ಮನೆಯಲ್ಲಿ ಒಂದು ವಾರ ಇರಿ, ಸಾಧ್ಯವಾದರೆ ಅಲ್ಲಿಂದಲೇ ಕೆಲಸ ಮಾಡಿ.

ಅದೇ ವಾರ ನೀರು ವಿಚಾರಿಸಿ. ಊರಿಗೆ ಕುಡಿಯುವ ನೀರು ತುಂಗಭದ್ರಾ ನದಿಯಿಂದ ಬರುತ್ತದೆ, ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಗೆ ತುಂಬಿಸಿಕೊಂಡೂ ಕೊಡುತ್ತಾರೆ. 24 ಗಂಟೆ ನೀರು ಕೊಡುವ ಜಲಸಿರಿ ಯೋಜನೆ ಇದೆ. ಆದರೆ ಯೋಜನೆ ಬೇರೆ, ನಿಮ್ಮ ನಲ್ಲಿ ಬೇರೆ. ಮನೆ ಮಾಲೀಕರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳಿ: ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತಿಗೆ, ಬೋರ್ ಬೇಸಿಗೆಯಲ್ಲಿ ನಿಲ್ಲುತ್ತದೋ. ಸಂಪಿನ ಮುಚ್ಚಳ ತೆಗೆಸಿ ನೋಡಿ. ನಾಚಿಕೆ ಬೇಡ.

ಬಡಾವಣೆ ಆರಿಸುವಾಗ ಮೊದಲು ರೈಲು ಹಳಿ ನೋಡಿ. ಅದು ಊರನ್ನು ಹಳೇ ದಾವಣಗೆರೆ, ಹೊಸ ದಾವಣಗೆರೆ ಅಂತ ಎರಡು ಮಾಡಿದೆ. ಹಳಿಯ ಈ ಕಡೆ ಮನೆ, ಆ ಕಡೆ ಶಾಲೆ ಆದರೆ ದಿನಾ ಅಂಡರ್‌ಪಾಸ್ ದಾಟಬೇಕು, ಮಳೆ ಬಂದ ದಿನ ಅಲ್ಲಿ ನೀರು ನಿಲ್ಲುತ್ತದೋ ಅಂತ ಕೇಳಿ. ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್‌ಗಳು, ವಿದ್ಯಾನಗರದ ಕಡೆ ಬಾಡಿಗೆ ಜಾಸ್ತಿ. ನಿಟುವಳ್ಳಿ, ವಿನೋಬನಗರದಲ್ಲಿ ಮಧ್ಯಮ ವರ್ಗದ ಮನೆಗಳು ಸಿಗುತ್ತವೆ. ಹಳೇ ಊರಿನ ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ನೋಡುವುದಾದರೆ ಭಟ್ಟಿ ಉರಿಯುವ ಹೊತ್ತಿನಲ್ಲಿ ಹೋಗಿ. ಮಂಡಕ್ಕಿ–ಮಿರ್ಚಿ ತಿನ್ನಲು ರುಚಿ, ಆದರೆ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ.

ಇನ್ನೊಂದು ವಿಷಯವನ್ನು ಯಾರೂ ಬರೆಯುವುದಿಲ್ಲ. ಮನೆ ಕೇಳಲು ಹೋದರೆ ‘ನೀವು ಯಾವ ಪೈಕಿ?’, ಅಂದರೆ ಯಾವ ಜಾತಿ ಅನ್ನುವ ಪ್ರಶ್ನೆ ನೇರವಾಗಿ ಬರಬಹುದು. ಬೆಂಗಳೂರಿನಲ್ಲೂ ಕೇಳುತ್ತಾರೆ, ಸ್ವಲ್ಪ ಸುತ್ತಿ ಬಳಸಿ. ಈ ಪ್ರಶ್ನೆಯಿಂದ ಬಾಗಿಲು ಮುಚ್ಚುವ ಸಾಧ್ಯತೆ ಇರುವವರು ಒಂದೇ ಬಡಾವಣೆ ನಂಬಿ ಕೂರಬೇಡಿ. ಪರಿಚಯದವರ ಮೂಲಕವೇ ಹುಡುಕಿ, ಸಮಯ ಜಾಸ್ತಿ ಇಟ್ಟುಕೊಳ್ಳಿ.

6. ಆಸ್ಪತ್ರೆ ಮತ್ತು ಶಾಲೆ

ಆಸ್ಪತ್ರೆ ವಿಷಯದಲ್ಲಿ ಈ ಊರು ತನ್ನ ಗಾತ್ರಕ್ಕಿಂತ ದೊಡ್ಡದು. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ, ಬಾಪೂಜಿ ಆಸ್ಪತ್ರೆ ಇದೆ, ಎಸ್.ಎಸ್. ವೈದ್ಯಕೀಯ ಸಂಸ್ಥೆ ಇದೆ, ಸರ್ಕಾರದ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಸುತ್ತಲಿನ ಜಿಲ್ಲೆಗಳವರೂ ಇಲ್ಲಿಗೇ ಬರುತ್ತಾರೆ. ಹಾಗಿದ್ದರೂ ಮನೆಯಲ್ಲಿ ಹಿರಿಯರಿಗೆ ಈಗಾಗಲೇ ಯಾವುದಾದರೂ ಚಿಕಿತ್ಸೆ ನಡೆಯುತ್ತಿದ್ದರೆ, ಅದೇ ಚಿಕಿತ್ಸೆಯ ತಜ್ಞರು ಅಲ್ಲಿ ವಾರದ ಎಲ್ಲ ದಿನ ಸಿಗುತ್ತಾರೋ ಅಂತ ಹೋಗಿ ವಿಚಾರಿಸಿ. ವಿಮೆಯ ನಗದುರಹಿತ ಪಟ್ಟಿಯಲ್ಲಿ ಆ ಆಸ್ಪತ್ರೆ ಇದೆಯೋ ಅಂತಲೂ ನೋಡಿ.

ಶಾಲೆ ಬೇಕಾದಷ್ಟಿವೆ. ಐಸಿಎಸ್‌ಇ ಓದುತ್ತಿರುವ ಮಕ್ಕಳಿಗೆ ಆಯ್ಕೆ ಕಡಿಮೆ. ಒಂಬತ್ತನೇ ತರಗತಿ ಮುಗಿಸಿದ ಮಗುವನ್ನು ಹತ್ತನೆಗೆ ಊರು ಬದಲಿಸಬೇಡಿ. ಇಂಜಿನಿಯರಿಂಗ್‌ಗೆ 1951ರ ಯುಬಿಡಿಟಿ ಕಾಲೇಜು, ಬಿಐಇಟಿ ಇವೆ.

7. ಮೊದಲು ಬಾಡಿಗೆ, ಸೈಟು ಆಮೇಲೆ

ನೀವು ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಯಾರಾದರೂ ‘ಒಂದು ಸೈಟಿದೆ, ನೋಡ್ತೀರಾ?’ ಅನ್ನುತ್ತಾರೆ. ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯುವ ತನಕ ಕೊಳ್ಳಬೇಡಿ. 11 ತಿಂಗಳ ಕರಾರು ಇದಕ್ಕೆ ಸರಿಯಾದ ಅಳತೆ.

ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಬಡಾವಣೆಗೆ ದೂಡಾ, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ? ಹೊಲವನ್ನು ಸುಮ್ನೆ ಗೆರೆ ಎಳೆದು ಮಾರುವ ಕಂದಾಯ ಸೈಟುಗಳು ಊರಿನ ಅಂಚಿನಲ್ಲಿ ಸಿಗುತ್ತವೆ. ಅಗ್ಗ, ಆದರೆ ಸಾಲಕ್ಕೂ ಮನೆ ಪ್ಲಾನಿಗೂ ಕಷ್ಟ. ಇ-ಖಾತೆ ತೋರಿಸಲು ಹೇಳಿ. ಅದು ಅನುಮೋದನೆ ಇರುವ ಆಸ್ತಿಯ ‘ಎ’ ಖಾತೆಯೋ, ಇಲ್ಲದ್ದರ ‘ಬಿ’ ಖಾತೆಯೋ ಓದಿ ನೋಡಿ. ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ನೀವೇ ತೆಗೆಸಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ. ಹಳೆಯ ಅಂದಾಜು ಹಿಡಿದು ಬಜೆಟ್ ಹಾಕಬೇಡಿ.

ಅಡಿಕೆ ತೋಟದ ಕನಸಿರುವವರಿಗೆ ಒಂದು ಮಾತು. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳಬಹುದು ಅಂದ ಮಾತ್ರಕ್ಕೆ ನೀರು ಬರುವುದಿಲ್ಲ. ಬೋರ್ ಎಷ್ಟು ಇಂಚು ನೀರು ಕೊಡುತ್ತದೆ ಅನ್ನುವುದನ್ನು ಮೇ ತಿಂಗಳಲ್ಲಿ, ಮೋಟರ್ ಆನ್ ಮಾಡಿಸಿ, ಒಂದು ಗಂಟೆ ನಿಂತು ನೋಡಿ.

8. ಹೊರಡುವುದು

ಮಕ್ಕಳಿದ್ದರೆ ಮೇ ಕೊನೆಯ ಹೊತ್ತಿಗೆ ಮನೆ ಬದಲಿಸಿ. ಹಳೇ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯುವಾಗಲೇ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿರುವ ವಿದ್ಯಾರ್ಥಿ ಸಂಖ್ಯೆ) ಬರೆದಿಟ್ಟುಕೊಳ್ಳಿ. ಮತದಾರರ ಪಟ್ಟಿಗೆ ನಮೂನೆ 8, ಆಧಾರ್‌ಗೆ ಹೊಸ ವಿಳಾಸ, ಗ್ಯಾಸ್ ವರ್ಗಾವಣೆ ಇವನ್ನು ಮೊದಲ ತಿಂಗಳಲ್ಲೇ ಮುಗಿಸಿ. ವಾಹನಕ್ಕೆ ಕೆಎ–17 ನಂಬರ್ ಹಾಕಿಸಬೇಕಿಲ್ಲ. ರಾಜ್ಯದೊಳಗೇ ಇರುವುದರಿಂದ ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಸಾಕು.

ಸಾಮಾನು ಸಾಗಿಸಲು ಪ್ಯಾಕರ್ಸ್‌ನವರ ದರ ಕೇಳಿದ ಮೇಲೆ ಯಶವಂತಪುರದ ಎಪಿಎಂಸಿ ಯಾರ್ಡ್ ಕಡೆಯೂ ಒಮ್ಮೆ ವಿಚಾರಿಸಿ. ಆ ಕಡೆಯಿಂದ ಅಕ್ಕಿ, ಜೋಳ ತಂದ ಲಾರಿ ಖಾಲಿ ವಾಪಸ್ ಹೋಗುವುದಿದ್ದರೆ ರಿಟರ್ನ್ ಲೋಡ್ ಅಂತ ಕಡಿಮೆಗೆ ಒಪ್ಪುತ್ತಾರೆ. ಫ್ರಿಜ್, ಬೀರು ಕಟ್ಟುವ ಕೆಲಸ ಮಾತ್ರ ನಿಮ್ಮದೇ. ತಾಡಪಾಲು ಇದೆಯೋ ಅಂತ ಮೊದಲೇ ಕೇಳಿಕೊಳ್ಳಿ, ಮೇ ಕೊನೆಯಲ್ಲಿ ಮಳೆ ಯಾವಾಗ ಬೇಕಾದರೂ ಬರಬಹುದು.