ಟೀಚರಮ್ಮನ ಕೈ ಏರುವಷ್ಟು ನಿಧಾನ

ಮೈಸೂರಿನಲ್ಲಿ ಬೆವರು ಬಾರದ ಯೋಗಕ್ಕೆ ಯಾರು ದುಡ್ಡು ಕೊಡ್ತಾರೆ ಅಂತ ನನ್ನ ಜೊತೆ ಯೋಗ ಕಲಿತ ಮೂವರೂ ಕೇಳಿದ್ದರು. ಒಬ್ಬರಂತೂ "ಮಲಗಿಸಿ ಫೀಸ್ ತಗೊಳ್ಳೋದಾದರೆ ಒಂದು ಲಾಡ್ಜ್ ಇಡು" ಅಂದುಬಿಟ್ಟರು. ಈಗ ನನ್ನ ನಿಧಾನ ಯೋಗಕ್ಕೆ ಎರಡು ಬ್ಯಾಚಿನಲ್ಲಿ 41 ಜನ ಬರುತ್ತಾರೆ. ಜಾಗ ಸಿಗಲಿ ಅಂತ ಇನ್ನೂ ಏಳೆಂಟು ಜನ ಕಾಯುತ್ತಿದ್ದಾರೆ. ಲಾಡ್ಜ್ ಅಂದವರೇ ಹೋದ ತಿಂಗಳು ಫೋನ್ ಮಾಡಿ "ಏನು ಮಾಡ್ತೀಯ, ಸ್ವಲ್ಪ ಹೇಳು" ಅಂದರು. ಅವರಿಗೆ ಹೇಳಿದ್ದನ್ನೇ ಯೋಗ ಹೇಳಿಕೊಡುವ ನಿಮಗೂ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ.

ಶುರು ಮಾಡಿದ್ದು 2022ರ ದಸರಾ ಮುಗಿದ ಮೇಲೆ. ಆ ವರ್ಷ ಜೂನ್ 21ಕ್ಕೆ ಪ್ರಧಾನಿ ಇಲ್ಲಿನ ಅರಮನೆ ಮೈದಾನಕ್ಕೆ ಬಂದು ಸುಮಾರು 15 ಸಾವಿರ ಜನರ ಜೊತೆ ಯೋಗ ಮಾಡಿದ್ದರಲ್ಲ, ಊರಿಗೆಲ್ಲ ಯೋಗದ ಜ್ವರ ಹಿಡಿದಿತ್ತು. ನಾನು ಅದಕ್ಕೂ ಮುಂಚೆ ಏಳು ವರ್ಷ ಸೂರ್ಯನಮಸ್ಕಾರದ ಬ್ಯಾಚ್ ನಡೆಸಿದವಳು. ರಥಸಪ್ತಮಿ ಬಂದರೆ 108 ಹಾಕಿಸದೆ ಬಿಡುತ್ತಿರಲಿಲ್ಲ. ನಲವತ್ತೈದು ದಾಟುತ್ತಿದ್ದ ಹಾಗೆ ನನ್ನ ಮಣಿಕಟ್ಟೇ ಕೈಕೊಟ್ಟಿತು. ಆಗ ನೆನಪಾಗಿದ್ದು ಜಿಗಣಿ ಹತ್ತಿರದ ಯೋಗ ವಿಶ್ವವಿದ್ಯಾಲಯ ಪ್ರಶಾಂತಿ ಕುಟೀರದಲ್ಲಿ ಕಲಿತಿದ್ದ ಸೈಕ್ಲಿಕ್ ಮೆಡಿಟೇಶನ್, ಅಂದರೆ ನಿಧಾನವಾಗಿ ಒಂದು ಆಸನ, ನಡುವೆ ವಿಶ್ರಾಂತಿ, ಮತ್ತೆ ಆಸನ. ಅದನ್ನೇ ಹಿಗ್ಗಿಸಿ, ನಡುವೆ ದಿಂಬಿನ ಮೇಲೆ ಒರಗುವ ಎರಡು ಆಸನ ಸೇರಿಸಿದೆ. ಗಂಟೆಗೆ ಐದೇ ಆಸನ ಅಂತ ತೀರ್ಮಾನ ಮಾಡಿದೆ. ಪ್ರಯತ್ನ ಶೈಥಿಲ್ಯ, ಅಂದರೆ ಆಸನದಲ್ಲಿ ಪ್ರಯತ್ನ ಸಡಿಲಿಸುವುದು, ಅಂತ ಯೋಗಸೂತ್ರದ ಎರಡನೇ ಪಾದದಲ್ಲಿ ಪತಂಜಲಿ ಹೇಳಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು, ಅಲ್ವಾ? ಮಾಡಿಸಿ ನೋಡಿದ್ದು ಆಗಲೇ.

ಮೊದಲ ತಪ್ಪು ಬೋರ್ಡಿನದು. "ಮೈಂಡ್‌ಫುಲ್‌ನೆಸ್ ಯೋಗ" ಅಂತ ಫ್ಲೆಕ್ಸ್ ಬರೆಸಿ ನಮ್ಮ ಬಡಾವಣೆಯ ಸಮುದಾಯ ಭವನದ ಮುಂದೆ ಕಟ್ಟಿದೆ. ಬಂದವರು 23 ಜನ. ಅದರಲ್ಲಿ ಅರ್ಧ ನೆಂಟರು, ಪರಿಚಯದವರು. ಎರಡನೇ ವಾರಕ್ಕೆ ಒಂಬತ್ತು. ತಿಂಗಳು ತುಂಬುವಾಗ ನಾಲ್ಕು. ಆ ನಾಲ್ವರಲ್ಲಿ ಒಬ್ಬರು ನಮ್ಮ ಅತ್ತಿಗೆ, ಅವರಿಂದ ಫೀಸ್ ಕೇಳುವ ಹಾಗಿಲ್ಲ.

ದುಡ್ಡಿನ ಲೆಕ್ಕ ಕೇಳಿ. ಭವನದ ಬಾಡಿಗೆ ಬೆಳಗಿನ ಹೊತ್ತಿಗೆ ದಿನಕ್ಕೆ 250. ವಾರಕ್ಕೆ ಐದು ದಿನ ಅಂದರೆ ತಿಂಗಳಿಗೆ ಐದೂವರೆ ಸಾವಿರದ ಹತ್ತಿರ. ಫೀಸ್ ತಲೆಗೆ 400. ಮೂರು ಜನ ಕೊಟ್ಟರೆ 1200. ಐದು ತಿಂಗಳು ಹೀಗೇ ನಡೆಯಿತು. ದಿಂಬು, ಜಮಖಾನ ಎಲ್ಲ ಸೇರಿ 25 ಸಾವಿರ ಕೈಬಿಟ್ಟಿತು. ಮನೆಯವರು ಬೈಯಲಿಲ್ಲ. ಆದರೆ ದಿನಾ ರಾತ್ರಿ "ನಾಳೆ ಎಷ್ಟು ಜನ?" ಅಂತ ಕೇಳುತ್ತಿದ್ದರು. ಬೈದಿದ್ದರೇ ವಾಸಿ ಇತ್ತು.

ಮಧ್ಯೆ ಒಂದು ತಿಂಗಳು ಬಾಗಿಲ ಬಳಿ ಡಬ್ಬಿ ಇಟ್ಟೆ, ಇಷ್ಟ ಬಂದಷ್ಟು ಹಾಕಿ ಅಂದೆ. ತಿಂಗಳ ಕೊನೆಗೆ ಎಣಿಸಿದರೆ ಸಾವಿರದ ಚಿಲ್ಲರೆ, ಜೊತೆಗೆ ಯಾರದೋ ಮದುವೆಯ ಕರೆಯೋಲೆ. ಅವತ್ತೇ ಡಬ್ಬಿ ಒಳಗಿಟ್ಟೆ.

ದಿಂಬಿನ ಕಥೆಯೂ ಇದೇ. ಆನ್‌ಲೈನಿನಲ್ಲಿ ಒಂದು ಬೋಲ್ಸ್ಟರ್, ಅಂದರೆ ಒರಗುವ ದಿಂಬು, ಆಗ 1400 ರೂಪಾಯಿ. ಹಾಸಿಗೆ ಹೊಲಿಯುವವರ ಹತ್ತಿರ ಬೂರುಗದ ಹತ್ತಿ ತುಂಬಿಸಿ 380ಕ್ಕೆ ಒಂದರಂತೆ 12 ಮಾಡಿಸಿದೆ. ಏನೋ ಗೆದ್ದೆ ಅಂದುಕೊಂಡೆ. ಎರಡೇ ತಿಂಗಳಿಗೆ ಎಲ್ಲವೂ ಚಪ್ಪಟೆ, ನೀರುದೋಸೆ. ಬೂರುಗದ ಹತ್ತಿ ತಲೆದಿಂಬಿಗೆ ಸರಿ, 70 ಕಿಲೋ ಬೆನ್ನಿಗಲ್ಲ. ಕೊನೆಗೆ ಬರುವವರಿಗೆಲ್ಲ ಮನೆಯಲ್ಲಿರುವ ಹಳೇ ಹತ್ತಿ ಸೀರೆ, ಪಂಚೆ ತನ್ನಿ ಅಂದೆ. ಅದನ್ನು ಬಿಗಿಯಾಗಿ ಸುತ್ತಿ ಗವುಸು ಹಾಕಿದೆವು. ಒಂದು ದಿಂಬಿಗೆ ಎಂಟು ಸೀರೆ ಹಿಡಿಯುತ್ತದೆ. ಎರಡು ವರ್ಷ ಆಯಿತು, ಇನ್ನೂ ಕಲ್ಲಿನ ಹಾಗಿವೆ. ಖರ್ಚು ಗವುಸಿನದು ಮಾತ್ರ, 90 ರೂಪಾಯಿ ಇರಬೇಕು.

ಕಣ್ಣಿನ ಮೇಲೆ ಇಡುವ ಪುಟ್ಟ ಚೀಲಕ್ಕೂ ಒಂದಷ್ಟು ಪ್ರಯೋಗ ಮಾಡಿದೆ. ಹೆಸರುಕಾಳು ತುಂಬಿದೆ, ಹುಳ ಬಿತ್ತು. ರಾಗಿ ತುಂಬಿದೆ, ಭವನದ ಇಲಿಗಳಿಗೆ ಹಬ್ಬ. ಆಮೇಲೆ ಬಾಣಂತಿ ಮನೆಯ ಸಾಸಿವೆ ದಿಂಬು ನೆನಪಾಯಿತು. ಮಗುವಿನ ತಲೆ ದುಂಡಗಾಗಲಿ ಅಂತ ಇಡುತ್ತಾರಲ್ಲ, ಅದೇ. ಸಾಸಿವೆ ತಣ್ಣಗಿರುತ್ತದೆ, ಕಣ್ಣಿನ ಗುಳಿಗೆ ತಾನಾಗೇ ಹೊಂದಿಕೊಳ್ಳುತ್ತದೆ. ಇಲಿಯೂ ಮುಟ್ಟಲಿಲ್ಲ. ಒಬ್ಬರಿಗೆ ಮಾತ್ರ ವಾಸನೆಗೆ ಒಗ್ಗರಣೆ ನೆನಪಾಗಿ ಶವಾಸನದಲ್ಲಿ ಹಸಿವಾಗುತ್ತದಂತೆ.

ಒಣದ್ರಾಕ್ಷಿ ಪಾಠವನ್ನೂ ಮಾಡಿಸಿದೆ. ಅಮೆರಿಕದಲ್ಲಿ 1979ರಲ್ಲಿ ಜಾನ್ ಕಬಾಟ್ ಜಿನ್ ಅವರು ಶುರು ಮಾಡಿದ ಮೈಂಡ್‌ಫುಲ್‌ನೆಸ್ ತರಬೇತಿಯಿಂದ ಬಂದದ್ದು, ನಿಮಗೆ ಗೊತ್ತಿರುತ್ತದೆ. ಅಂಗೈಯಲ್ಲಿ ಒಂದೊಂದು ದ್ರಾಕ್ಷಿ ಇಟ್ಟು "ನೋಡಿ, ಮುಟ್ಟಿ, ಮೂಸಿ" ಅನ್ನುವಷ್ಟರಲ್ಲಿ ಎಲ್ಲರೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದರು. ಪ್ರಸಾದ ಅಂದುಕೊಂಡರಂತೆ. ಮುಂದಿನ ವಾರ ಕಲ್ಲುಸಕ್ಕರೆ ಕೊಟ್ಟೆ, ಕಡಿಯದೆ ಕರಗುವ ತನಕ ಸುಮ್ನೆ ಇರಿ ಅಂದೆ. ಇದು ಹಿಡಿಸಿತು. ಆದರೆ "ಶುಗರ್ ಇದೆ ಮೇಡಂ" ಅಂತ ಆರು ಜನ ಕೈ ಎತ್ತಿದರು. ಈಗ ಒಣಗಿಸಿದ ನೆಲ್ಲಿಕಾಯಿ ಚೂರು ಕೊಡುತ್ತೇನೆ. ಕರಗಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ನಮ್ಮ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಮಾಡಿದರೂ ಕ್ಲಾಸ್ ಕ್ಲಾಸಾಗಲಿಲ್ಲ. ಜನ ಮಲಗುತ್ತಿದ್ದರು, ಗೊರಕೆ ಹೊಡೆಯುತ್ತಿದ್ದರು, ಇಲ್ಲವೇ ಗಡಿಯಾರ ನೋಡುತ್ತಿದ್ದರು. ತಪ್ಪು ಎಲ್ಲಿತ್ತು ಅಂತ ತೋರಿಸಿಕೊಟ್ಟವರು ನಮ್ಮ ಟೀಚರಮ್ಮ. ಸರ್ಕಾರಿ ಶಾಲೆಯಿಂದ ನಿವೃತ್ತರು, ಎಪ್ಪತ್ತರ ಮೇಲೆ. ಬಲಭುಜ ಹಿಡಿದುಕೊಂಡು ವರ್ಷವಾಗಿತ್ತು. ನಾನು ಒಂದು ಕೈ ಮೇಲೆತ್ತಿ ಪಕ್ಕಕ್ಕೆ ಬಾಗುವ ಅರ್ಧಕಟಿಚಕ್ರಾಸನಕ್ಕೆ "ಒಂದು, ಎರಡು, ಮೂರು, ನಾಲ್ಕು" ಅಂತ ಎಣಿಸಿ ಕೈ ಎತ್ತಿಸುತ್ತಿದ್ದೆ. ನಿಧಾನವಾಗಿಯೇ ಎಣಿಸುತ್ತೇನೆ ಅಂತ ನನಗೆ ಹೆಮ್ಮೆ ಬೇರೆ. ಒಂದು ದಿನ ಅವರು ತಡೆದರು. "ನೀನು ನಾಲ್ಕು ಅನ್ನೋ ಹೊತ್ತಿಗೆ ನನ್ನ ಕೈ ಇನ್ನೂ ಸೊಂಟದ ಹತ್ತಿರಾನೇ ಇರುತ್ತೆ ಕಣಮ್ಮ. ನೀನು ಸುಮ್ನಿರು, ನಾನು ಎತ್ತಿ ತೋರಿಸ್ತೀನಿ."

ಸುಮ್ಮನಾದೆ. ಅವರು ಮುಂದೆ ಬಂದು ನಿಂತರು. ಕೈ ತೊಡೆಯಿಂದ ಬಿಟ್ಟಿತು. ಬೆರಳುಗಳು ಮೊದಲು, ಆಮೇಲೆ ಮಣಿಕಟ್ಟು. ಭುಜದ ಮಟ್ಟಕ್ಕೆ ಬರುವ ಮುಂಚೆ ಒಂದು ಕಡೆ ನಿಂತಿತು. ನೋವಿರಬೇಕು, ತುಟಿ ಒತ್ತಿಕೊಂಡರು. ಉಸಿರು ಬಿಟ್ಟರು. ಕೈ ಮತ್ತೆ ಹೊರಟಿತು. ಬಳೆ ಮೊಣಕೈ ಕಡೆಗೆ ಜಾರಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಕಿವಿಯ ಪಕ್ಕಕ್ಕೆ ಬರಲು ಒಂದು ನಿಮಿಷದ ಹತ್ತಿರ ಹಿಡಿಯಿತು. ಯಾರಿಗೂ ಹೇಳಿರಲಿಲ್ಲ, ಆದರೂ ಅಷ್ಟೂ ಜನರ ಕೈ ಅವರ ಕೈಯ ಜೊತೆಯಲ್ಲೇ ಏರಿತ್ತು. ಅವತ್ತು ಯಾರೂ ಗಡಿಯಾರ ನೋಡಲಿಲ್ಲ.

ನನ್ನ ವಿಧಾನ ಅಂದರೆ ಇಷ್ಟೇ. ಕೋಣೆಯಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರು ಮುಂದೆ. ಉಸಿರು ಅವರವರದು, ಕೈಕಾಲಿನ ವೇಗ ಮಾತ್ರ ಮುಂದಿನವರದು. ಎಣಿಕೆ ಇಲ್ಲ, ಬಾಯಲ್ಲಿ ಸೂಚನೆಯೂ ಹತ್ತಕ್ಕಿಂತ ಜಾಸ್ತಿ ಇಲ್ಲ. ಗೋಕುಲಂನಲ್ಲಿ ಹೊರದೇಶದವರು ಬಂದು ಕಲಿಯುವ "ಮೈಸೂರು ಸ್ಟೈಲ್" ಇದೆಯಲ್ಲ, ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರದು, ಅದರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕಕ್ಕೆ ಮಾಡಿಕೊಂಡು ಹೋಗುತ್ತಾರೆ. ನಮ್ಮದು ಅದರ ಉಲ್ಟಾ. ಇದೂ ಮೈಸೂರಿನದೇ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. ಗೊರಕೆಯೂ ತಾನಾಗೇ ಕಡಿಮೆಯಾಯಿತು. ಬೇರೆಯವರ ಕೈ ನೋಡುತ್ತಾ ಮಾಡುವವರಿಗೆ ನಿದ್ದೆ ಹೇಗೆ ಬಂದೀತು?

ಬೋರ್ಡನ್ನೂ ಬದಲಾಯಿಸಿದೆ. "ಮಂಡಿ, ಸೊಂಟ, ಭುಜ ನೋವಿನವರಿಗೆ ನಿಧಾನ ಯೋಗ." ನೋವು ಹೋಗುತ್ತದೆ ಅಂತ ಬರೆದಿಲ್ಲ, ಹೇಳಿಯೂ ಇಲ್ಲ. ಟೀಚರಮ್ಮನ ಭುಜ ಪೂರ್ತಿ ಸರಿಹೋಗಿಲ್ಲ. ತಲೆ ಬಾಚಿಕೊಳ್ಳಲು ಸೊಸೆ ಬೇಡ ಅನ್ನುವಷ್ಟಾಗಿದೆ. ಐದು ದಿನದ ಬದಲು ಮೂರು ದಿನ ಮಾಡಿದೆ. ಫೀಸ್ ಮೂರು ತಿಂಗಳಿಗೆ ಒಟ್ಟಿಗೆ 1500. ತಿಂಗಳ ಲೆಕ್ಕದಲ್ಲಿ ತಗೊಂಡರೆ ಹಬ್ಬ, ಮದುವೆ ಅಂತ ತಪ್ಪಿಸಿ ಹೋದವರು ವಾಪಸ್ ಬರುವುದಿಲ್ಲ. ಒಟ್ಟಿಗೆ ಕೊಟ್ಟವರು ದುಡ್ಡಿಗಾದರೂ ಬರುತ್ತಾರೆ. ಈಗ ತಿಂಗಳಿಗೆ 19, 20 ಸಾವಿರ ಬರುತ್ತದೆ. ಬಾಡಿಗೆ ಮೂರು ಸಾವಿರದ ಮೇಲೆ ಸ್ವಲ್ಪ. ಕೈಬಿಟ್ಟ 25 ಸಾವಿರ ವಾಪಸ್ ಬಂದು ಯಾವ ಕಾಲವಾಯಿತೋ.

ಹೊಸಬರು ಬಿಟ್ಟು ಹೋಗುವುದು ಮೂರನೇ ವಾರದಲ್ಲಿ. ನಿಮ್ಮಲ್ಲೂ ಹಾಗೇ ಇರಬೇಕು. ಆ ವಾರ ನಾನು ಅವರ ಜೊತೆ ಒಂದು ಕೆಲಸ ಮಾಡುತ್ತೇನೆ, ಹತ್ತರಲ್ಲಿ ಎಂಟು ಜನ ಉಳಿಯುತ್ತಾರೆ. ಅದನ್ನು ಇಲ್ಲಿ ಬರೆಯಲಾರೆ. ಶವಾಸನದಿಂದ ಎಬ್ಬಿಸುವ ಮುಂಚೆ ಹೇಳುವ ಒಂದು ವಾಕ್ಯವನ್ನೂ ಬರೆಯುವುದಿಲ್ಲ. ಲಾಡ್ಜ್ ಅಂದವರಿಗೂ ಹೇಳಿಲ್ಲ.

ಇನ್ನೂ ಸರಿಹೋಗದ್ದು ಕಸದ ಗಾಡಿ. ಏಳೂವರೆಗೆ ಹಾಡು ಹಾಕಿಕೊಂಡು ಬರುತ್ತದೆ. ಸದ್ದಿನ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ, ಹಾಡು ದೂರ ಹೋಗುವ ತನಕ ಕೇಳಿಸಿಕೊಳ್ಳಿ ಅಂತ ಅದನ್ನೇ ಅಭ್ಯಾಸ ಮಾಡಿಸಿದೆ. ಆದರೆ ಹಾಡು ಕೇಳಿದ್ದೇ ಎರಡನೇ ಬ್ಯಾಚಿನ ಅರ್ಧ ಹೆಂಗಸರು ಎದ್ದು ಮನೆಗೆ ಓಡುತ್ತಿದ್ದರು, ಬಕೆಟ್ ಕೊಡಬೇಕಲ್ಲ. ಈಗ ಬಕೆಟ್ಟನ್ನು ಗೇಟಿಗೆ ನೇತುಹಾಕಿ ಬನ್ನಿ ಅಂದಿದ್ದೇನೆ. ಬೀದಿನಾಯಿಗಳ ಕಾಟ ಶುರುವಾಗಿದೆ.

ಟೀಚರಮ್ಮ ಮಗನ ಮನೆಗೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗಿದ್ದಾರೆ. ಅವರ ಜಾಗದಲ್ಲಿ ಯಾರು ಅಂತ ದೊಡ್ಡ ಪೈಪೋಟಿಯೇ ನಡೆಯಿತು. ನಾನು ನಿಧಾನ, ತಾನು ನಿಧಾನ ಅಂತ ಬೇಕಂತಲೇ ಕೈ ಎಳೆಯುವವರು ನಾಲ್ಕೈದು ಜನ. ಬೇಕಂತ ಮಾಡುವವರ ದವಡೆ ಬಿಗಿಯುತ್ತದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಕೊನೆಗೆ ಸೊಂಟದ ಆಪರೇಷನ್ ಆದ ಬ್ಯಾಂಕಿನ ರಾಯರನ್ನು ಮುಂದೆ ನಿಲ್ಲಿಸಿದ್ದೇನೆ. ಅವರು ಬಗ್ಗುವಾಗ ಪರವಾಗಿಲ್ಲ, ಏಳುವಾಗ ಸ್ವಲ್ಪ ಅವಸರ. ಡಿಸೆಂಬರಿಗೆ ಟೀಚರಮ್ಮ ಬರುತ್ತಾರೆ. ಅಲ್ಲಿಯವರೆಗೆ ನಡೆಯುತ್ತದೆ.