ಶಾವರ್ ಹನಿಯುತ್ತಿದ್ದರೆ ಮೊದಲು ನಳ ಬಿಚ್ಚಿ

ಬಂದ್ ಮಾಡಿದ ಮೇಲೆ ಐದು-ಹತ್ತು ನಿಮಿಷ ಹನಿ ಬಿದ್ದು ನಿಂತರೆ ಅದನ್ನು ಸೋರಿಕೆ ಅನ್ನಬೇಡಿ, ಶಾವರಿನೊಳಗೆ ಉಳಿದ ನೀರು ಇಳಿಯುತ್ತಿದೆ ಅಷ್ಟೇ. ರಾತ್ರಿ ಕೆಳಗೆ ಒಣ ಬಕೆಟ್ ಇಡಿ. ಸೆಕೆಂಡಿಗೊಂದು ಹನಿಯಾದರೂ ಬೆಳಿಗ್ಗೆಗೆ ಆರೇಳು ಲೀಟರ್ ಕೂಡಿರುತ್ತದೆ. ಹಾಗಾದರೆ ಹೊಸ ಶಾವರ್ ತಂದು ಪ್ರಯೋಜನವಿಲ್ಲ. ನೀರು ತಡೆಯುವುದು ಗೋಡೆಯಲ್ಲಿರುವ ನಳ, ಕೆಟ್ಟಿರುವುದೂ ಅದೇ.

ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಳ ಇದ್ದರೆ ಗೀಸರಿಗೆ ಹೋಗುವ ನೀರು ಬಂದ್ ಮಾಡಿ ನೋಡುತ್ತೇನೆ. ಹನಿ ನಿಂತರೆ ಬಿಸಿನೀರಿನ ಕಡೆ ತೊಂದರೆ, ನಿಲ್ಲದಿದ್ದರೆ ತಣ್ಣೀರಿನ ಕಡೆ.

ಮುಂದೆ ಟ್ಯಾಂಕಿನ ನೀರು ಬಂದ್ ಮಾಡುವ ಟೆರೇಸಿನ ಗೇಟ್ ವಾಲ್ವ್. ವರ್ಷಗಟ್ಟಲೆ ಮುಟ್ಟದೆ ಅದು ಜಾಮ್ ಆಗಿರುತ್ತದೆ. ಪಾನಾ ಹಾಕಿ ಜಗ್ಗಿದರೆ ಮುರಿದು ಕೈಗೇ ಬರುತ್ತದೆ. ಹುಬ್ಬಳ್ಳಿಯಲ್ಲಿ ಇದಕ್ಕೊಂದು ಸುಲಭ ದಾರಿ: ನೀರು ಬಿಡುವ ಹಿಂದಿನ ದಿನ, ಟ್ಯಾಂಕ್ ತಳ ಕಂಡಾಗ ಕೆಲಸಕ್ಕೆ ಇಳಿಯಿರಿ. ಕೆಳಗಿನ ನಳ ತೆರೆದು ಪೈಪಿನ ನೀರೂ ಖಾಲಿ ಮಾಡಿ. ಬಚ್ಚಲಿನ ನೀರು ಹೋಗುವ ಜಾಲಿಗೆ ಒಂದು ಬಟ್ಟೆ ಮುಚ್ಚಿ, ಸಣ್ಣ ಸ್ಕ್ರೂ ಅದರೊಳಗೆ ಬಿದ್ದರೆ ಸಿಗುವುದಿಲ್ಲ.

ಹಿಡಿಕೆಯ ಮೇಲಿನ ಬಿಲ್ಲೆಯನ್ನು ಬ್ಲೇಡಿನಿಂದ ಎಬ್ಬಿಸಿದರೆ ಸ್ಕ್ರೂ ಕಾಣುತ್ತದೆ. ಅದನ್ನು ತೆಗೆದು ಹಿಡಿಕೆ ಎಳೆದು, ಗೋಡೆಗೆ ಕೂತ ದುಂಡು ತಟ್ಟೆ, ಅಂದರೆ ಫ್ಲಾಂಜ್, ತಿರುಗಿಸಿ ತೆಗೆದರೆ ಒಳಗೆ ನೀರು ತೆರೆದು ಮುಚ್ಚುವ ಸ್ಪಿಂಡಲ್. ಬಿಚ್ಚುವ ಮೊದಲು ನಳವನ್ನು ಅರ್ಧ ತೆರೆದಿಡಬೇಕು, ಮತ್ತೆ ಕೂರಿಸುವಾಗಲೂ ಹಾಗೆಯೇ. ಬಂದ್ ಆಗಿದ್ದಾಗ ಬಿಗಿದರೆ ಹೊಸ ವಾಷರ್ ಅಲ್ಲೇ ಜಜ್ಜಿಹೋಗುತ್ತದೆ.

ಹಲವು ಸುತ್ತು ತಿರುಗುವ ಹಳೆಯ ನಳವಾದರೆ ತುದಿಯಲ್ಲಿ ಅರ್ಧ ಇಂಚಿನ ರಬ್ಬರ್ ವಾಷರ್ ಇರುತ್ತದೆ. ಅದರ ಮೇಲೆ ಉಂಗುರದಂತೆ ತಗ್ಗು ಬಿದ್ದಿದ್ದರೆ ಬದಲಿಸಿ. ಒಂದು ಚಹಾದ ದುಡ್ಡು. ಆದರೆ ವಾಷರ್ ಕೂರುವ ಹಿತ್ತಾಳೆಯ ಅಂಚಿಗೂ ಬೆರಳು ಆಡಿಸಿ. ಅಲ್ಲಿ ಕುಳಿ ತಾಗಿದರೆ ಹೊಸ ವಾಷರ್ ಹತ್ತೇ ದಿನದಲ್ಲಿ ಹರಿಯುತ್ತದೆ. ಬಹಳಷ್ಟು ಜನ ತಿಂಗಳಿಗೊಮ್ಮೆ ವಾಷರ್ ಹಾಕುವುದು ಇದೇ ಕಾರಣಕ್ಕೆ.

ಕಾಲು ಸುತ್ತಿಗೇ ತೆರೆಯುವ ನಳದಲ್ಲಿ ರಬ್ಬರಿನ ಬದಲು ಎರಡು ಸಿರಾಮಿಕ್ ಬಿಲ್ಲೆ. ಗದಗ ಕಡೆಯ ಬೋರಿನ ಗಡಸು ನೀರು ಇವುಗಳ ನಡುವೆ ಬಿಳಿ ಸುಣ್ಣ ಕಟ್ಟುತ್ತದೆ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ತಾಸು ನೆನೆಸಿ, ಹಳೆಯ ಬ್ರಶ್ಶಿನಿಂದ ತಿಕ್ಕಿ. ಶಾವರಿನ ತೂತುಗಳಿಗೂ ಇದೇ ಔಷಧ. ಪಾಯಖಾನೆ ತೊಳೆಯುವ ಆಸಿಡ್ ಮಾತ್ರ ಬೇಡ, ಕ್ರೋಮ್ ಎದ್ದುಹೋಗುತ್ತದೆ. ಬಿಲ್ಲೆಗೆ ಗೀರು ಬಿದ್ದಿದ್ದರೆ ಇಡೀ ಸ್ಪಿಂಡಲ್ ಬದಲಿಸಬೇಕು. ಹಳೆಯದನ್ನು ಅಂಗಡಿಗೆ ಒಯ್ಯಿರಿ: ಉದ್ದ, ಹಲ್ಲು, ಬಂದ್ ಆಗುವ ದಿಕ್ಕು, ಮೂರೂ ಹೊಂದಬೇಕು. ಬಿಸಿ ಮತ್ತು ತಣ್ಣೀರಿನ ಸ್ಪಿಂಡಲ್ ಎಷ್ಟೋ ಮಿಕ್ಸರುಗಳಲ್ಲಿ ಉಲ್ಟಾ ತಿರುಗುತ್ತವೆ.

ಸ್ಪಿಂಡಲಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರದೇ ರಬ್ಬರ್ ರಿಂಗ್ ಸಾಕು. ಕೈಯಿಂದ ಬಿಗಿದು, ಆಮೇಲೆ ಪಾನಾದಿಂದ ಕಾಲು ಸುತ್ತು. ಫ್ಲಾಂಜ್ ಹಾಕುವ ಮೊದಲೇ ನೀರು ಬಿಟ್ಟು ಒಣ ಕಾಗದ ಒತ್ತಿ ನೋಡಿ. ಗೋಡೆಯೊಳಗಿನ ಸೋರಿಕೆ ಆಮೇಲೆ ಕಣ್ಣಿಗೆ ಬೀಳುವುದಿಲ್ಲ.