ಕಂಡದ್ದರಿಂದ ಕಾಣದ ಕಾರಣಕ್ಕೆ: ಊಹೆಯನ್ನು ಕ್ರಮವಾಗಿ ಕಟ್ಟುವುದು ಹೇಗೆ?

ಹಗಲು ಒಂದು ತುತ್ತೂ ಉಣ್ಣದ ದೇವದತ್ತ ದಷ್ಟಪುಷ್ಟನಾಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು. ಇದು ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರ ಹಳೆಯ ಉದಾಹರಣೆ. ಅವರು ಇದನ್ನು ಅರ್ಥಾಪತ್ತಿ ಎಂದು ಕರೆದು ಪ್ರಮಾಣಗಳ, ಅಂದರೆ ಸರಿಯಾದ ಅರಿವು ಕೊಡುವ ದಾರಿಗಳ ಸಾಲಿಗೆ ಸೇರಿಸಿದರು. ಇಂಥದೇ ನಡೆಯನ್ನು ಅಬ್ಡಕ್ಷನ್ ಎಂದ ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914), ಅದರಿಂದ ಸಿಗುವುದು ಶಂಕಿಸಲು ತಕ್ಕ ಕಾರಣವಷ್ಟೇ ಎಂದರು. ಈ ಎಚ್ಚರವನ್ನು ಕಲಿಯಲು ಮಂಗನ ಕಾಯಿಲೆಯ ಪತ್ತೆಗಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ.

ಮೊದಲು, ಅಚ್ಚರಿಯ ಸಂಗತಿಯನ್ನು ಇದ್ದಂತೆಯೇ ಬರೆದುಕೊಳ್ಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರ, ಮೈಕೈನೋವಿನಿಂದ ಹಾಸಿಗೆ ಹಿಡಿಯುತ್ತಿದ್ದರು. ‘ಮಂಗಗಳಿಂದ ಜ್ವರ ಬಂತು’ ಎಂದು ಬರೆದರೆ ಅದು ಆಗಲೇ ತೀರ್ಮಾನ, ಕಂಡ ಸಂಗತಿಯಲ್ಲ.

ಆಮೇಲೆ, ಏನು ನಿಜವಾಗಿದ್ದರೆ ಇವೆಲ್ಲ ಸಹಜವೆನಿಸುತ್ತವೆ ಎಂದು ಕೇಳಿಕೊಳ್ಳಬೇಕು. ಮೊದಲ ಶಂಕೆ ಬಿದ್ದದ್ದು ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಸೊಳ್ಳೆಗಳಿಂದ ಹರಡಿ ಮಂಗ, ಮನುಷ್ಯರಿಬ್ಬರನ್ನೂ ಕೊಲ್ಲುವ ಆ ರೋಗ ಭಾರತದಲ್ಲಿ ಎಂದೂ ಕಂಡಿರಲಿಲ್ಲವಾದರೂ ಅದನ್ನು ಬದಿಗೊತ್ತುವಂತಿರಲಿಲ್ಲ.

ಮೂರನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ: ಶಂಕೆ ನಿಜವಾದರೆ ಇನ್ನೇನು ಕಾಣಿಸಬೇಕು, ಏನು ಕಂಡರೆ ಅದನ್ನು ಕೈಬಿಡಬೇಕು ಎಂದು ಮೊದಲೇ ಹೇಳಿಕೊಳ್ಳಬೇಕು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿನ ಬಳಗಕ್ಕೆ ಅದು ಸೇರಿತ್ತು. ಶಂಕೆ ಸೊಳ್ಳೆಯಿಂದ ಉಣುಗಿನತ್ತ ತಿರುಗಿತು. ಒಣ ತಿಂಗಳುಗಳಲ್ಲಿ, ಮರಿ ಉಣುಗುಗಳು ತರಗೆಲೆಗಳ ನಡುವೆ ತುಂಬಿರುವ ಹೊತ್ತಿನಲ್ಲಿ, ಸೊಪ್ಪು ಸೌದೆಗೆ ಕಾಡಿಗೆ ಹೋದವರಿಗೆ ರೋಗ ತಗಲುವುದೂ ಇದಕ್ಕೆ ಹೊಂದುತ್ತಿತ್ತು. ಆದರೆ ಹೊಂದಿದರೆ ಸಾಲದು, ಉಣುಗಿನ ಮೈಯಲ್ಲೇ ವೈರಾಣು ಸಿಗಬೇಕಿತ್ತು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿಬಂದ ಉಣುಗುಗಳನ್ನು ಆಯ್ದು ಪರೀಕ್ಷಿಸಿದಾಗ ಅದು ಸಿಕ್ಕಿತು.

ಎಲ್ಲ ಕ್ಷೇತ್ರಗಳಲ್ಲೂ ಇಂಥ ಪರೀಕ್ಷೆಗೆ ಅವಕಾಶವಿಲ್ಲ. ಕಾಲ ನಮೂದಿಸದ ಹಲ್ಮಿಡಿ ಶಾಸನವನ್ನು ಸುಮಾರು ಕ್ರಿ.ಶ. 450ರದ್ದೆನ್ನಲು ಅಕ್ಷರಗಳ ರೂಪ, ಒಕ್ಕಣೆಗಳೇ ಆಧಾರ. ಅಲ್ಲಿ ಹೊಸ ಶಾಸನ ಸಿಗುವವರೆಗೆ ಕಾಯಬೇಕು.

ಕೊನೆಯದಾಗಿ, ಯಾವುದು ಸಿದ್ಧವಾಯಿತು, ಯಾವುದು ಇನ್ನೂ ಊಹೆ ಎಂದು ಬೇರೆಬೇರೆ ಬರೆದಿಡಬೇಕು. ಉಣುಗು ರೋಗ ಹರಡುತ್ತದೆಂಬುದು ಸಿದ್ಧವಾದ ಸಂಗತಿ. ಈ ರೋಗ 1957ರಲ್ಲೇ ಏಕೆ ತಲೆಯೆತ್ತಿತು ಎಂಬುದಕ್ಕೆ, ಕಾಡು ಕಡಿದು ದನಗಳ ಓಡಾಟ ಹೆಚ್ಚಿ ಉಣುಗುಗಳೂ ಹೆಚ್ಚಿದವು ಎಂಬ ವಿವರಣೆಯನ್ನು ಎರಡನೆಯ ಪಟ್ಟಿಯಲ್ಲೇ ಇಡಬೇಕು.